ಕೆಳಹಂತದ ಇಂಗ್ಲಿಷ್ ರಗ್ಬಿಯ ಒಂದು ಋತು: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ಮಗನನ್ನು ಮಕ್ಕಳ ರಗ್ಬಿಗೆ ಬಿಟ್ಟು, ಕಾರಿನೊಳಗೆ ಹೀಟರ್ ಹಾಕಿಕೊಂಡು ಕೂರುವುದು ನನ್ನ ರೂಢಿಯಾಗಿತ್ತು. ಒಂದು ದಿನ ಯಾರೋ ಕಿಟಕಿ ತಟ್ಟಿ ಕೈಗೆ ಬಾವುಟ ಕೊಟ್ಟರು. ಹಾಗೆ ಗೆರೆಯ ಪಕ್ಕ ನಿಂತವನು ಈಗ ಮಿಡ್‌ಲ್ಯಾಂಡ್ಸ್‌ನ ಒಂದು ಪುಟ್ಟ ಪಟ್ಟಣದ ಕ್ಲಬ್ಬಿನಲ್ಲಿ ದೊಡ್ಡವರ ತಂಡದ ಮ್ಯಾನೇಜರ್. ಮ್ಯಾನೇಜರ್ ಎಂದರೆ ಫೋನ್ ಮಾಡುವವನು, ನೀರಿನ ಬಾಟಲಿ ಹೊರುವವನು, ಜೆರ್ಸಿ ಎಣಿಸುವವನು ಎಂದು ಓದಿಕೊಳ್ಳಿ. ಊರಿನಿಂದ ಕರೆ ಮಾಡುವ ಚಿಕ್ಕಪ್ಪ, ಕನ್ನಡ ಸಂಘದ ಯುಗಾದಿ ಊಟದಲ್ಲಿ ಪಕ್ಕದ ಎಲೆಗೆ ಕೂರುವವರು, ಮಕ್ಕಳನ್ನು ಸೇರಿಸಲು ಬರುವ ತಂದೆ ತಾಯಂದಿರು ಇಷ್ಟು ವರ್ಷ ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ರಗ್ಬಿ ಯೂನಿಯನ್, ರಗ್ಬಿ ಲೀಗ್ ಎರಡೂ ಒಂದೇ ಅಲ್ಲವೇ?

ಅಲ್ಲ. ಒಂದೇ ಮನೆಯವರು, ಪಾಲಾಗಿ ನೂರು ವರ್ಷ ದಾಟಿದೆ. 1871ರ ಜನವರಿಯಲ್ಲಿ ಲಂಡನ್ನಿನ ಪಾಲ್ ಮಾಲ್ ರೆಸ್ಟೋರೆಂಟ್‌ನಲ್ಲಿ 21 ಕ್ಲಬ್‌ಗಳು ಸೇರಿ ರಗ್ಬಿ ಫುಟ್‌ಬಾಲ್ ಯೂನಿಯನ್ ಕಟ್ಟಿದವು. ಉತ್ತರ ಇಂಗ್ಲೆಂಡಿನ ಗಣಿ, ಗಿರಣಿಗಳಲ್ಲಿ ಶನಿವಾರವೂ ಕೆಲಸವಿರುತ್ತಿತ್ತು. ಆಡಲು ಬಂದರೆ ಆ ದಿನದ ಕೂಲಿ ಹೋಗುತ್ತಿತ್ತು. ಕಳೆದುಕೊಂಡ ಕೂಲಿಯನ್ನಾದರೂ ತುಂಬಿಕೊಡಿ ಎಂದು ಅಲ್ಲಿಯ ಕ್ಲಬ್‌ಗಳು ಕೇಳಿದವು, ದಕ್ಷಿಣದ ಯಜಮಾನರು ಒಪ್ಪಲಿಲ್ಲ. 1895ರಲ್ಲಿ ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲ್‌ನಲ್ಲಿ ಉತ್ತರದವರು ಬೇರೆಯಾದರು. ಅದೇ ಮುಂದೆ ಹದಿಮೂರು ಜನ ಆಡುವ ರಗ್ಬಿ ಲೀಗ್ ಆಯಿತು. ಯೂನಿಯನ್ ಆಟದಲ್ಲಿ ಹದಿನೈದು ಜನ. ದುಡ್ಡು ಮುಟ್ಟಬಾರದೆಂಬ ಮಡಿಯನ್ನು ಅದು ಬಿಟ್ಟದ್ದು ನೂರು ವರ್ಷ ಕಳೆದು, 1995ರ ಆಗಸ್ಟ್‌ನಲ್ಲಿ. ಇಲ್ಲಿ ಬರೆದಿರುವುದೆಲ್ಲ ಯೂನಿಯನ್ ಬಗ್ಗೆ.

ನಿಮ್ಮ ಕ್ಲಬ್ ಎಷ್ಟನೆಯ ಡಿವಿಷನ್? ಟಿವಿಯಲ್ಲಿ ಬರುತ್ತದೆಯೇ?

ಟಿವಿಯಲ್ಲಿ ಬರುವುದು ಮೊದಲ ಹಂತದ ಪ್ರೀಮಿಯರ್‌ಶಿಪ್ (2025ರಿಂದ ಅದರ ಹೆಸರು ‘ಪ್ರೆಮ್’). ಅದರ ಕೆಳಗೆ ಚಾಂಪಿಯನ್‌ಶಿಪ್ (ಈಗ ‘ಚಾಂಪ್ ರಗ್ಬಿ’). ಮೂರನೆಯದು ನ್ಯಾಷನಲ್ ಲೀಗ್ 1, ಇಡೀ ದೇಶಕ್ಕೆ ಒಂದೇ. ನಾಲ್ಕನೆಯ ಹಂತದಲ್ಲಿ ನ್ಯಾಷನಲ್ ಲೀಗ್ 2 ಉತ್ತರ, ಪೂರ್ವ, ಪಶ್ಚಿಮ ಎಂದು ಮೂರು ಕವಲಾಗುತ್ತದೆ. ಐದನೆಯದು ರೀಜನಲ್ 1, ಆರನೆಯದು ರೀಜನಲ್ 2. ಏಳರಿಂದ ಕೆಳಗೆ ಕೌಂಟೀಸ್ 1, 2, 3 ಎಂದು ಇಳಿಯುತ್ತ ಹೋಗಿ, ಕೆಲವು ಸೀಮೆಗಳಲ್ಲಿ ಅದಕ್ಕಿಂತಲೂ ಕೆಳಗೆ ಮುಟ್ಟುತ್ತದೆ. ನಾವಿರುವುದು ಕೌಂಟೀಸ್ 3, ಅಂದರೆ ಒಂಬತ್ತನೆಯ ಹಂತ. ನಮ್ಮ ಪಂದ್ಯ ನೋಡಲು ಟಿಕೆಟ್ ಇಲ್ಲ, ಆಸನವೂ ಇಲ್ಲ. ನಾಯಿ ಕಟ್ಟಿಕೊಂಡು ಬರಬಹುದು.

ಪಟ್ಟಿಯಲ್ಲಿ ಸೋತ ತಂಡಕ್ಕೂ ಅಂಕ ಕೊಟ್ಟಿದ್ದಾರಲ್ಲ, ಅದು ಹೇಗೆ?

ಗೆದ್ದರೆ 4, ಸಮವಾದರೆ 2. ಇದರ ಮೇಲೆ ಎರಡು ಬೋನಸ್ ಇದೆ: ನಾಲ್ಕು ಅಥವಾ ಹೆಚ್ಚು ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತುವುದು) ಹೊಡೆದರೆ ಒಂದು ಅಂಕ, ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರೆ ಒಂದು ಅಂಕ. ಟ್ರೈಗೆ 5, ಅದರ ಮೇಲಿನ ಒದೆತಕ್ಕೆ 2, ಪೆನಾಲ್ಟಿಗೂ ಡ್ರಾಪ್ ಗೋಲಿಗೂ 3 ಎಂಬುದನ್ನು ನೆನಪಿಟ್ಟುಕೊಂಡು ಲೆಕ್ಕ ಹಾಕಿ. ಎರಡೂ ತಂಡ ನಾಲ್ಕು ನಾಲ್ಕು ಟ್ರೈ ಹೊಡೆದು ಪಂದ್ಯ 24-22ರಲ್ಲಿ ಮುಗಿಯಿತು ಎನ್ನೋಣ. ಗೆದ್ದವರಿಗೆ 5, ಸೋತವರಿಗೆ 2. ಸೋತವರು ಮನೆಗೆ ಒಯ್ದದ್ದು ಬೋನಸ್ ಇಲ್ಲದ ಸಮಪಂದ್ಯಕ್ಕೆ ಸಿಗುವಷ್ಟೇ. ಹಾಗಾಗಿ 40-15ರಲ್ಲಿ ಸೋಲುತ್ತಿರುವ ತಂಡ ಕೊನೆಯ ನಿಮಿಷದಲ್ಲಿ ಜೀವ ಹೋದಂತೆ ಓಡುವುದನ್ನು ಕಂಡು ನಗಬೇಡಿ. ಅದು ನಾಲ್ಕನೆಯ ಟ್ರೈ ಹುಡುಕುತ್ತಿರುತ್ತದೆ. ಏಪ್ರಿಲ್‌ನಲ್ಲಿ ಹಿಂಬಡ್ತಿ ತಪ್ಪುವುದು ಇಂಥ ಒಂಟಿ ಅಂಕಗಳಿಂದಲೇ.

ಆಟಗಾರರಿಗೆ ಪಂದ್ಯಕ್ಕೆ ಎಷ್ಟು ಕೊಡುತ್ತಾರೆ?

ಅವರೇ ಕೊಡುತ್ತಾರೆ! ವರ್ಷದ ಸದಸ್ಯತ್ವ ಬೇರೆ, ಪ್ರತಿ ಶನಿವಾರ ‘ಸಬ್ಸ್’ ಎಂಬ ಕಾಣಿಕೆ ಬೇರೆ. ಮೇಲಿನ ಹಂತಗಳಲ್ಲಿ ಸಂಬಳ, ಅರೆಸಂಬಳ ಉಂಟು. ನಮ್ಮಲ್ಲಿ ಪ್ಲಂಬರ್, ಶಾಲಾ ಮೇಷ್ಟ್ರು, ರೈತ, ಆಸ್ಪತ್ರೆಯ ನರ್ಸ್ ಎಲ್ಲರೂ ದುಡ್ಡು ಕೊಟ್ಟು ಪೆಟ್ಟು ತಿನ್ನುತ್ತಾರೆ. ಕ್ಲಬ್ಬಿನ ಖರ್ಚು ನಡೆಯುವುದು ಈ ಕಾಣಿಕೆ, ಅಂಗಳದ ಸುತ್ತಲಿನ ಜಾಹೀರಾತು ಹಲಗೆ, ಎಲ್ಲಕ್ಕಿಂತ ಮುಖ್ಯವಾಗಿ ಬಾರಿನ ಗಲ್ಲಾಪೆಟ್ಟಿಗೆಯಿಂದ. ತವರಿನ ಎರಡು ಪಂದ್ಯ ಸಾಲಾಗಿ ರದ್ದಾದರೆ ಖಜಾಂಚಿಯ ಮುಖ ನೋಡಬೇಕು.

## ಋತುವಿನೊಳಗೆ

ಋತು ಯಾವಾಗ ಶುರು, ಯಾವಾಗ ಮುಗಿಯುತ್ತದೆ? ನಡುವೆ ಶನಿವಾರಗಳು ಖಾಲಿ ಬಿದ್ದಿರುತ್ತವಲ್ಲ?

ಸೆಪ್ಟೆಂಬರ್ ಮೊದಲ ವಾರಗಳಿಂದ ಏಪ್ರಿಲ್‌ವರೆಗೆ. ಹನ್ನೆರಡು ತಂಡಗಳ ಲೀಗ್ ಆದರೆ ತವರಿನಲ್ಲಿ ಹನ್ನೊಂದು, ಹೊರಗೆ ಹನ್ನೊಂದು, ಒಟ್ಟು 22 ಪಂದ್ಯ. ನ್ಯಾಷನಲ್ ಲೀಗ್‌ಗಳಲ್ಲಿ ಹದಿನಾಲ್ಕು ತಂಡ, 26 ಪಂದ್ಯ. ಕ್ರಿಸ್ಮಸ್ ಹೊತ್ತಿಗೆ ಬಿಡುವು. ಉಳಿದ ಖಾಲಿ ಶನಿವಾರಗಳಲ್ಲಿ ಕೆಲವು, ಮುಂದೂಡಿದ ಪಂದ್ಯಗಳನ್ನು ತುರುಕಲು ಇಟ್ಟ ಜಾಗ. ಕೆಲವು, ಇಂಗ್ಲೆಂಡ್ ತಂಡ ಟ್ವಿಕನಮ್‌ನಲ್ಲಿ ಆಡುವ ದಿನ. ಸದಸ್ಯ ಕ್ಲಬ್‌ಗಳಿಗೆ ಅಲ್ಲಿಯ ಟಿಕೆಟ್‌ನ ಪಾಲು ಬರುತ್ತದೆ, ಆ ದಿನ ಅರ್ಧ ತಂಡ ರೈಲಿನಲ್ಲಿರುತ್ತದೆ.

ಅಂದಹಾಗೆ, ಆ ದಿನಗಳಲ್ಲಿ ಒಂದರಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಹೋರಾಡುವ ಬಟ್ಟಲಿನ ಹೆಸರು ಕಲ್ಕತ್ತಾ ಕಪ್. 1870ರ ದಶಕದಲ್ಲಿ ಕಲ್ಕತ್ತೆಯ ರಗ್ಬಿ ಕ್ಲಬ್ ಮುಚ್ಚಿದಾಗ ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿಸಿದ್ದು. ಹಿಡಿಗಳು ನಾಗರಹಾವು, ಮುಚ್ಚಳದ ಮೇಲೆ ಆನೆ. ಕ್ಲಬ್‌ಹೌಸಿನ ಟಿವಿಯಲ್ಲಿ ಅದು ಕಾಣಿಸಿದಾಗಲೆಲ್ಲ ‘ಅದು ನಮ್ಮ ದುಡ್ಡು’ ಎನ್ನುತ್ತೇನೆ. ಮೊದಲ ಸಲ ನಕ್ಕಿದ್ದರು.

ಶನಿವಾರ ಬೆಳಿಗ್ಗೆ ಪಂದ್ಯ ರದ್ದು ಎನ್ನುತ್ತೀರಿ. ಮಳೆಗೆ ರಗ್ಬಿ ನಿಲ್ಲುತ್ತದೆಯೇ?

ಮಳೆಗೆ ನಿಲ್ಲುವುದಿಲ್ಲ, ನೀರು ನಿಂತರೆ ನಿಲ್ಲುತ್ತದೆ. ಅದಕ್ಕಿಂತ ದೊಡ್ಡ ಶತ್ರು ಹಿಮಗಟ್ಟಿದ ನೆಲ. ಕೆಸರಿನಲ್ಲಿ ಬಿದ್ದವನು ನಗುತ್ತ ಏಳುತ್ತಾನೆ, ಗಟ್ಟಿ ನೆಲಕ್ಕೆ ಬಿದ್ದವನ ಭುಜ ಜಾರುತ್ತದೆ. ಜನವರಿಯ ಶನಿವಾರ ಬೆಳಿಗ್ಗೆ ಎಂಟಕ್ಕೆ ನಾನೂ ಅಂಗಳ ನೋಡಿಕೊಳ್ಳುವ ಹಿರಿಯರೂ ಉದ್ದಕ್ಕೂ ನಡೆಯುತ್ತೇವೆ. ಅವರ ಉಪಕರಣ ಒಂದೇ, ಹಳೆಯ ಬೂಟಿನ ಹಿಮ್ಮಡಿ. ಒತ್ತಿದರೆ ಹಿಮ್ಮಡಿ ಇಳಿಯಬೇಕು. ನಮ್ಮಲ್ಲಿ ಬೇಲಿಯ ಸಾಲಿನ ನೆರಳು ಬೀಳುವ ಮೂಲೆಯೊಂದಿದೆ, ಸುಮಾರು ಮೂರು ಚಾಪೆ ಹಾಸುವಷ್ಟು ಜಾಗ. ಉಳಿದ ಅಂಗಳವೆಲ್ಲ ಮೆದುವಾಗಿದ್ದರೂ ಅದೊಂದು ಮಾತ್ರ ಕಲ್ಲು. ಎಷ್ಟೋ ಪಂದ್ಯಗಳನ್ನು ಆ ಮೂರು ಚಾಪೆಯಗಲ ನುಂಗಿದೆ. ಹತ್ತು ಗಂಟೆಯೊಳಗೆ ಎದುರಾಳಿಗಳಿಗೆ ಹೇಳಿಬಿಡಬೇಕು, ಇಲ್ಲವಾದರೆ ಅವರ ಬಸ್ ಹೊರಟಿರುತ್ತದೆ.

ಪಂದ್ಯ ಮೂರಕ್ಕೆ ಎಂದಿದ್ದಿರಿ. ಬಂದಾಗ ಅರ್ಧ ಮುಗಿದಿತ್ತು!

ಡಿಸೆಂಬರ್‌ನಲ್ಲಿ ಇಲ್ಲಿ ನಾಲ್ಕಕ್ಕೇ ಕತ್ತಲು. ದೀಪವಿಲ್ಲದ ಅಂಗಳಗಳಲ್ಲಿ ಎರಡಕ್ಕೋ ಎರಡೂಕಾಲಿಗೋ ಆರಂಭಿಸುತ್ತಾರೆ. ಬರುವ ಮೊದಲು ಒಂದು ಸಂದೇಶ ಕಳುಹಿಸಿ.

ಹದಿನೈದು ಜನ ಸಿಗದಿದ್ದರೆ ಏನು ಮಾಡುತ್ತೀರಿ?

ಇದು ನಿಜವಾದ ಪ್ರಶ್ನೆ. ಲೀಗ್ ಪಟ್ಟಿ ನೋಡಿ ಯಾರು ಬಲಶಾಲಿ, ಯಾರು ದುರ್ಬಲ ಎಂದು ಜನ ಮಾತನಾಡುತ್ತಾರೆ. ನನ್ನ ಕಣ್ಣಿಗೆ ಒಂಬತ್ತನೆಯ ಹಂತದಲ್ಲಿ ಆ ಪಟ್ಟಿ ಹೇಳುವುದು ಒಂದೇ ಸಂಗತಿ: ಜನವರಿಯಲ್ಲಿ ಯಾವ ಕ್ಲಬ್ಬಿಗೆ ಹದಿನೆಂಟು ಜನ ಬಂದರು, ಯಾವುದಕ್ಕೆ ಹದಿಮೂರು.

ಸೆಪ್ಟೆಂಬರ್‌ನಲ್ಲಿ ತರಬೇತಿಗೆ ಮೂವತ್ತು ಜನ ಬರುತ್ತಾರೆ. ಎಲ್ಲರ ಬೂಟೂ ಹೊಸದು, ಎಲ್ಲರಿಗೂ ಈ ಸಲ ಬಡ್ತಿ ಖಚಿತ. ನವೆಂಬರ್ ಹೊತ್ತಿಗೆ ಒಬ್ಬನ ಮೊಣಕಾಲು, ಇನ್ನೊಬ್ಬನ ಹಸುಗೂಸು, ಮತ್ತೊಬ್ಬನಿಗೆ ಶನಿವಾರದ ಪಾಳಿ. ಗುರುವಾರ ರಾತ್ರಿ ತರಬೇತಿ ಮುಗಿದ ಮೇಲೆ ಕೋಚ್ ಹದಿನೆಂಟು ಹೆಸರು ಬರೆದು ಕೊಡುತ್ತಾರೆ. ಶುಕ್ರವಾರ ಮಧ್ಯಾಹ್ನ ಫೋನ್ ಮೊಳಗಲು ತೊಡಗುತ್ತದೆ. ‘ನಾಳೆ ನಾದಿನಿಯ ಮದುವೆ, ಮರೆತೇಬಿಟ್ಟಿದ್ದೆ.’ ಮದುವೆಯನ್ನು ಹೇಗೆ ಮರೆಯುತ್ತಾರೆ ಎಂದು ನಾನು ಕೇಳುವುದಿಲ್ಲ. ಪಟ್ಟಿಯಲ್ಲಿ ಗೀಟು ಎಳೆದು ಎರಡನೆಯ ತಂಡದ ನಾಯಕನಿಗೆ ಕರೆ ಮಾಡುತ್ತೇನೆ. ಅವನಿಗೆ ನನ್ನ ಹೆಸರು ಕಂಡರೆ ಸಾಕು, ಫೋನ್ ಎತ್ತುವುದಿಲ್ಲ, ಏಕೆಂದರೆ ನಾನು ಇಬ್ಬರನ್ನು ಎಳೆದುಕೊಂಡರೆ ಅವನ ಪಂದ್ಯ ನಿಲ್ಲುತ್ತದೆ. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ, ಐದು ವರ್ಷದ ಹಿಂದೆ ಆಟ ಬಿಟ್ಟ ನಲವತ್ತೇಳರ ಹಿರಿಯರೊಬ್ಬರ ಮನೆ ಬಾಗಿಲಿಗೆ ಹೋದದ್ದೂ ಉಂಟು. ಅವರು ಬೇಲಿ ಕತ್ತರಿಸುತ್ತಿದ್ದರು. ಕತ್ತರಿಯನ್ನು ಅಲ್ಲಿಯೇ ಇಟ್ಟು ಕಾರು ಹತ್ತಿದರು.

ಯಾರನ್ನಾದರೂ ಹಿಡಿದು ತಂದು ನಿಲ್ಲಿಸಲು ಆಗುವುದಿಲ್ಲ. ಆಟ ನಡೆಸುವ ಒಕ್ಕೂಟವಾದ ರಗ್ಬಿ ಫುಟ್‌ಬಾಲ್ ಯೂನಿಯನ್ನಿನ ಜಿಎಂಎಸ್ ಎಂಬ ಗಣಕ ವ್ಯವಸ್ಥೆಯಲ್ಲಿ ಆಟಗಾರ ನೋಂದಣಿಯಾಗಿರಬೇಕು, ಪಂದ್ಯದ ತಂಡಪಟ್ಟಿಯನ್ನೂ ಅದರಲ್ಲಿಯೇ ತುಂಬಬೇಕು. ಅರ್ಹತೆಯಿಲ್ಲದವನನ್ನು ಆಡಿಸಿದರೆ ಗಳಿಸಿದ ಅಂಕವೂ ಹೋಗಬಹುದು. ಇನ್ನೊಂದು ದಾರಿ, ಎರಡೂ ತಂಡ ಒಪ್ಪಿ ಕಡಿಮೆ ಜನರೊಂದಿಗೆ ಆಡುವುದು. ಪಂದ್ಯ ರದ್ದಾಗುವುದಕ್ಕಿಂತ ಹೇಗಾದರೂ ನಡೆಯಲಿ ಎಂದು ಕೆಳಹಂತಗಳಿಗೆ ಒಕ್ಕೂಟವೇ ‘ಗೇಮ್ ಆನ್’ ಹೆಸರಿನಲ್ಲಿ ಈ ಸಡಿಲಿಕೆ ಕೊಟ್ಟಿದೆ. ಹಳಬರು ಮೂಗು ಮುರಿದರು. ನನಗಂತೂ ಒಕ್ಕೂಟ ಮಾಡಿದ ಬುದ್ಧಿವಂತಿಕೆಯ ಕೆಲಸಗಳಲ್ಲಿ ಇದೂ ಒಂದು ಎನಿಸುತ್ತದೆ.

ಸ್ಕ್ರಮ್‌ನಲ್ಲಿ ಇಬ್ಬರೂ ತಳ್ಳದೆ ಸುಮ್ಮನೆ ಒರಗಿ ನಿಂತಿದ್ದರು. ಮೋಸವೇ?

ಮೋಸವಲ್ಲ, ಸುರಕ್ಷತೆ. ಸ್ಕ್ರಮ್ ಎಂದರೆ ಚೆಂಡಿಗಾಗಿ ಎರಡೂ ತಂಡದ ಎಂಟೆಂಟು ಜನ ಬಾಗಿ, ಒಬ್ಬರಿಗೊಬ್ಬರು ಆತು ತಳ್ಳುವುದು. ಸ್ಕ್ರಮ್‌ನ ಮುಂದಿನ ಸಾಲಿನಲ್ಲಿ ಇಬ್ಬರು ಪ್ರಾಪ್, ನಡುವೆ ಒಬ್ಬ ಹುಕರ್. ಹದಿನಾರು ಜನರ ತಳ್ಳಾಟದ ಭಾರ ಇವರ ಕತ್ತು, ಭುಜಗಳ ಮೇಲೆ ಬೀಳುತ್ತದೆ. ಆ ಕೆಲಸ ಕಲಿತವರಲ್ಲದೆ ಬೇರೆಯವರು ಅಲ್ಲಿ ನಿಲ್ಲುವಂತಿಲ್ಲ. ಕಲಿತ ಪ್ರಾಪ್ ಗಾಯಗೊಂಡು ಹೊರಹೋಗಿ, ಬದಲಿಗೆ ತಕ್ಕವನು ಇಲ್ಲದಿದ್ದರೆ ರೆಫರಿ ತಳ್ಳಾಟವಿಲ್ಲದ ಸ್ಕ್ರಮ್ ಘೋಷಿಸುತ್ತಾರೆ. ಹೀಗಾಗಿ ಕೆಳಹಂತದಲ್ಲಿ ಪ್ರಾಪ್‌ಗಳೇ ರಾಜರು. ವೇಗವಾಗಿ ಓಡುವ ಹುಡುಗರು ಪ್ರತಿ ಶಾಲೆಯಿಂದಲೂ ಬರುತ್ತಾರೆ, ನೂರಿಪ್ಪತ್ತು ಕಿಲೋ ತೂಗುವ, ಪ್ರತಿ ವಾರ ತಪ್ಪದೆ ಬರುವ, ಫೋನ್ ಎತ್ತುವ ಪ್ರಾಪ್ ಪೂರ್ವಪುಣ್ಯ.

ರೆಫರಿ ತಪ್ಪು ತೀರ್ಪು ಕೊಟ್ಟರೆ ವಿಡಿಯೊ ನೋಡುವುದಿಲ್ಲವೇ?

ವಿಡಿಯೊ ಇಲ್ಲ. ಕೌಂಟಿಯ ರೆಫರಿಗಳ ಸಂಘದಿಂದ ಒಬ್ಬರೇ ಬರುತ್ತಾರೆ. ಗೆರೆಯ ಬಳಿ ಬಾವುಟ ಹಿಡಿಯುವುದು ಎರಡೂ ಕ್ಲಬ್ಬಿನಿಂದ ಒಬ್ಬೊಬ್ಬರು. ಚೆಂಡು ಹೊರಹೋಯಿತೇ, ಒದೆತ ಕಂಬಗಳ ನಡುವೆ ಹೋಯಿತೇ, ಇಷ್ಟನ್ನೇ ನಾವು ಹೇಳಬಹುದು. ನನ್ನ ಕಣ್ಣೆದುರೇ ಗುದ್ದಾಟ ನಡೆದರೂ ಬಾವುಟ ಎತ್ತುವ ಅಧಿಕಾರ ನನಗಿಲ್ಲ. ರೆಫರಿಯ ಜೊತೆ ವಾದಿಸಿದರೆ ಪೆನಾಲ್ಟಿ ಹತ್ತು ಮೀಟರ್ ಮುಂದೆ ಹೋಗುತ್ತದೆ.

ಹೊಡೆದಾಡಿಕೊಂಡವರು ಆಮೇಲೆ ಒಟ್ಟಿಗೆ ಕೂತು ಊಟ ಮಾಡುತ್ತಾರಂತೆ. ಸಸ್ಯಾಹಾರಿಗಳಿಗೆ ಏನಿರುತ್ತದೆ?

ನಿಜ. ಆತಿಥೇಯ ಕ್ಲಬ್ ಎದುರಾಳಿಗಳಿಗೂ ರೆಫರಿಗೂ ಊಟ ಹಾಕಬೇಕೆಂಬುದು ಬರೆಯದ ಕಟ್ಟಳೆ. ಸಾಸೇಜ್ ಮತ್ತು ಚಿಪ್ಸ್, ಇಲ್ಲವೇ ದೊಡ್ಡ ಪಾತ್ರೆಯಲ್ಲಿ ಚಿಲ್ಲಿ, ಕರಿ. ಬಡಿಸುವ ಕಿಟಕಿಯ ಮುಂದೆ ಸಾಲು ನಿಲ್ಲುತ್ತದೆ. ಒಬ್ಬನ ಹುಬ್ಬಿಗೆ ಹೊಲಿಗೆ ಬಿದ್ದಿರುತ್ತದೆ, ಅದಕ್ಕೆ ಕಾರಣನಾದವನು ಹಿಂದೆ ತಟ್ಟೆ ಹಿಡಿದು ನಿಂತಿರುತ್ತಾನೆ. ಸಸ್ಯಾಹಾರಿಗಳಿಗೆ ಬೇಯಿಸಿದ ಆಲೂಗಡ್ಡೆಯ ಮೇಲೆ ಡಬ್ಬಿಯ ಬೀನ್ಸ್, ವರ್ಷವಿಡೀ ಅದೇ. ಒಮ್ಮೆ ನಮ್ಮ ಮನೆಯಿಂದ ದೊಡ್ಡ ಪಾತ್ರೆ ಬಿಸಿಬೇಳೆಬಾತ್ ಹೋಯಿತು. ಎದುರಾಳಿ ಪ್ರಾಪ್ ಮೂರು ಸಲ ಬಡಿಸಿಕೊಂಡ. ಮೂರನೆಯ ಸಲ ಮಾತ್ರ ಮಾಂಸ ಎಲ್ಲಿದೆ ಎಂದು ಸೌಟು ಆಡಿಸಿ ಹುಡುಕಿದ.

## ಸ್ವಲ್ಪ ಆಳಕ್ಕೆ

2023ರಲ್ಲಿ ಟ್ಯಾಕಲ್ ನಿಯಮ ಬದಲಿಸಿದಾಗ ಅಷ್ಟೊಂದು ಗಲಾಟೆ ಏಕಾಯಿತು?

ಹೇಳಿದ ರೀತಿಗೆ. ಆ ಜನವರಿಯಲ್ಲಿ ಒಕ್ಕೂಟ ಏಕಾಏಕಿ, ಮುಂದಿನ ಋತುವಿನಿಂದ ಸಮುದಾಯ ಮಟ್ಟದ ರಗ್ಬಿಯಲ್ಲಿ ಸೊಂಟಕ್ಕಿಂತ ಮೇಲೆ ಟ್ಯಾಕಲ್ ಮಾಡುವಂತಿಲ್ಲ, ಅಂದರೆ ಚೆಂಡು ಹಿಡಿದವನನ್ನು ತಬ್ಬಿ ಕೆಡವುವಂತಿಲ್ಲ ಎಂದಿತು. ಆಡುವವರನ್ನು ಕೇಳಿರಲಿಲ್ಲ. ಸಹಿ ಸಂಗ್ರಹ ನಡೆಯಿತು, ಕ್ಲಬ್‌ಗಳು ಸಿಡಿದವು, ಒಕ್ಕೂಟ ಕ್ಷಮೆ ಕೇಳಿತು. ಕೊನೆಗೆ ಎದೆಮೂಳೆಯ ಬುಡ ಎಂಬ ಗಡಿ ನಿಂತು 2023-24ರ ಋತುವಿನಿಂದ ಜಾರಿಗೆ ಬಂತು. ಪುರುಷರಲ್ಲಿ ನ್ಯಾಷನಲ್ ಲೀಗ್ 1 ಮತ್ತು ಅದರ ಕೆಳಗಿನ ಎಲ್ಲ ಹಂತಗಳಿಗೂ ಇದೇ ಗಡಿ.

ಉದ್ದೇಶ ಸರಿಯಾಗಿಯೇ ಇತ್ತು: ಎರಡು ತಲೆಗಳು ಒಂದೇ ಎತ್ತರದಲ್ಲಿರದಿದ್ದರೆ ಡಿಕ್ಕಿ ಕಡಿಮೆ. ಮೊದಲ ತಿಂಗಳು ಸೀಟಿ ಊದಿ ಊದಿ ಆಟವೇ ನಿಲ್ಲುತ್ತಿತ್ತು. ಹದಿನೈದು ವರ್ಷ ಎದೆಗೆ ಎದೆ ಕೊಟ್ಟು ಹಿಡಿದವನ ಮೈಗೆ ಬಾಗುವುದು ಒಂದು ಬೇಸಿಗೆಯಲ್ಲಿ ಬರುವುದಿಲ್ಲ. ಒಳ್ಳೆಯ ನಿಯಮವನ್ನು ಕೆಟ್ಟದಾಗಿ ತಂದರು ಎಂಬುದು ನನ್ನ ಅಭಿಪ್ರಾಯ.

ತಲೆಗೆ ಪೆಟ್ಟು ಬಿದ್ದರೆ? ಮಗನನ್ನು ಸೇರಿಸಲು ಹೆದರಿಕೆಯಾಗುತ್ತದೆ.

ಹೆದರಿಕೆ ಸಹಜ. ಮಕ್ಕಳಿಗೆ ಏಳು, ಎಂಟರೊಳಗಿನ ಗುಂಪುಗಳಲ್ಲಿ ಸೊಂಟದ ಪಟ್ಟಿಯನ್ನು ಕಿತ್ತುಕೊಳ್ಳುವ ಟ್ಯಾಗ್ ಆಟ ಮಾತ್ರ; ಟ್ಯಾಕಲ್ ಕಲಿಸುವುದು ಒಂಬತ್ತರೊಳಗಿನ ಗುಂಪಿನಿಂದ. ದೊಡ್ಡವರ ಆಟದಲ್ಲಿ ಟಿವಿಯಲ್ಲಿ ಕಾಣುವಂತೆ ಒಳಗೆ ಕರೆದೊಯ್ದು ಪರೀಕ್ಷಿಸಿ ಮತ್ತೆ ಕಳುಹಿಸುವ ಪದ್ಧತಿ ನಮ್ಮ ಮಟ್ಟದಲ್ಲಿ ಇಲ್ಲ. ಮೆದುಳಿಗೆ ಪೆಟ್ಟಾದ ಅನುಮಾನ ಬಂದರೆ ಸಾಕು, ಹೊರಗೆ. ಬ್ರಿಟಿಷ್ ಸರ್ಕಾರದ 2023ರ ಮಾರ್ಗಸೂಚಿಯಂತೆ ಪಂದ್ಯಕ್ಕೆ ಮರಳಲು ಕನಿಷ್ಠ 21 ದಿನ. ‘ನಾನು ಚೆನ್ನಾಗಿದ್ದೇನೆ’ ಎಂದು ಆಟಗಾರ ಹೇಳುವುದಕ್ಕೆ ಬೆಲೆಯಿಲ್ಲ. ಎಲ್ಲರೂ ಹಾಗೆಯೇ ಹೇಳುತ್ತಾರೆ.

ಲೀಗ್‌ಗಳ ಹೆಸರೆಲ್ಲ ಬದಲಾಗಿವೆ. ಹಳೆಯ ‘ಮಿಡ್‌ಲ್ಯಾಂಡ್ಸ್ 1’ ಎಲ್ಲಿ ಹೋಯಿತು?

2022ರಲ್ಲಿ ಇಡೀ ಗೋಪುರವನ್ನು ಕಳಚಿ ಮತ್ತೆ ಜೋಡಿಸಿದರು. ಕಾರಣ ದಾರಿ. 1987ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಲೀಗ್ ಗೋಪುರವೇ ಇರಲಿಲ್ಲ. ಪ್ರತಿ ಕ್ಲಬ್ಬಿನ ಕಾರ್ಯದರ್ಶಿ ಡೈರಿ ಹಿಡಿದು ಸ್ನೇಹದ ಪಂದ್ಯಗಳನ್ನು ಗೊತ್ತುಮಾಡುತ್ತಿದ್ದರು. ಲೀಗ್ ಬಂದ ಮೇಲೆ ಗೆಲ್ಲುತ್ತ ಹೋದವರು ದೂರ ದೂರ ಹೋಗಬೇಕಾಯಿತು. ಆಗ ಇದ್ದ ‘ನ್ಯಾಷನಲ್ ಲೀಗ್ 2 ದಕ್ಷಿಣ’ದಲ್ಲಿ ಆಡುತ್ತಿದ್ದಾಗ ಕಾರ್ನ್‌ವಾಲ್‌ನ ರೆಡ್ರುತ್ ತಂಡ ಕೆಂಟ್‌ನ ಕ್ಯಾಂಟರ್ಬರಿಗೆ ಹೋಗಬೇಕಿತ್ತು. ಹೋಗಲು ಐನೂರು ಕಿಲೋಮೀಟರ್, ಬರಲು ಮತ್ತೆ ಐನೂರು. ಸೋಮವಾರ ಕೆಲಸಕ್ಕೆ ಹೋಗುವವರ ಮಾತು ಇದು. ತಂಡಗಳ ಸಂಖ್ಯೆ ಇಳಿಸಿ, ನಾಲ್ಕನೆಯ ಹಂತವನ್ನು ಎರಡರ ಬದಲು ಮೂರಾಗಿ ಹಂಚಿದ್ದು ಅದಕ್ಕಾಗಿ. ದ್ವೀಪಗಳವರ ಕಷ್ಟ ಮಾತ್ರ ಹಾಗೆಯೇ ಇದೆ: ಗರ್ನ್ಸಿ ದ್ವೀಪದ ತಂಡವೂ, ಮ್ಯಾನ್ ದ್ವೀಪದ ಡಗ್ಲಸ್ ತಂಡವೂ ಇಂಗ್ಲಿಷ್ ಲೀಗ್‌ನಲ್ಲಿಯೇ ಆಡುತ್ತವೆ, ಸಮುದ್ರ ದಾಟಿ.

ಹತ್ತಿರದ ಊರಿನವರ ಮೇಲಿನ ಪಂದ್ಯಕ್ಕೆ ಜನ ಸೇರುತ್ತಾರೆ, ಬಾರು ತುಂಬುತ್ತದೆ. ರೆಡ್ರುತ್ ಮತ್ತು ನೆರೆಯ ಕ್ಯಾಂಬೋರ್ನ್ ಕ್ರಿಸ್ಮಸ್ ಮರುದಿನ ಆಡುವ ಪಂದ್ಯಕ್ಕೆ ಸೇರುವ ಜನರನ್ನು ಕಂಡರೆ ಇದು ತಿಳಿಯುತ್ತದೆ. ನಮಗೂ ಈಗ ಅತಿ ದೂರದ ಪ್ರಯಾಣ ಒಂದೂವರೆ ಗಂಟೆ. ಹಳೆಯ ಹೆಸರುಗಳು ಹೋದವೆಂದು ನಾನು ಅಳುವುದಿಲ್ಲ.

ತಳದಿಂದ ನಿಜವಾಗಿ ಮೇಲೇರಿದ ಕ್ಲಬ್ ಒಂದಾದರೂ ಇದೆಯೇ?

ಎಕ್ಸೆಟರ್ ಕಥೆ ಎಲ್ಲರ ಬಾಯಲ್ಲಿದೆ. 1987ರಲ್ಲಿ ಮೂರನೆಯ ಹಂತದಲ್ಲಿದ್ದ ಕ್ಲಬ್, 2010ರಲ್ಲಿ ಪ್ರೀಮಿಯರ್‌ಶಿಪ್ ತಲುಪಿ, 2017ರಲ್ಲಿ ಅದನ್ನು ಗೆದ್ದು, 2020ರಲ್ಲಿ ಇಂಗ್ಲೆಂಡಿನ ಜೊತೆಗೆ ಯುರೋಪಿನ ಕಿರೀಟವನ್ನೂ ತೊಟ್ಟಿತು. ನನಗೆ ಅದಕ್ಕಿಂತ ರಿಚ್ಮಂಡ್ ಇಷ್ಟ. 1861ರಲ್ಲಿ ಹುಟ್ಟಿದ ಕ್ಲಬ್. ವೃತ್ತಿಪರ ಆಟ ಬಂದಾಗ ಸಿರಿವಂತರೊಬ್ಬರ ಹಣ ನಂಬಿ ಮೇಲೇರಿತು, ಅವರು ಕೈ ಎತ್ತಿದಾಗ 1999ರಲ್ಲಿ ನೆಲ ಕಚ್ಚಿತು. ಮರುವರ್ಷ ಉಳಿದವರು ತಳದ ಕೌಂಟಿ ಲೀಗ್‌ನಿಂದ ಮತ್ತೆ ಆರಂಭಿಸಿ, 2016ರಲ್ಲಿ ಎರಡನೆಯ ಹಂತಕ್ಕೆ ಬಂದರು. ಆಮೇಲೆ ಇಳಿದದ್ದೂ ಏರಿದ್ದೂ ಉಂಟು. ಲಂಡನ್ ವೆಲ್ಷ್ ಪಾಡೂ ಹೀಗೆಯೇ: 2014-15ರಲ್ಲಿ ಪ್ರೀಮಿಯರ್‌ಶಿಪ್‌ನ 22ಕ್ಕೆ 22 ಪಂದ್ಯ ಸೋತು, ಎರಡು ವರ್ಷದಲ್ಲಿ ದಿವಾಳಿಯಾಗಿ, ತಳದಿಂದ ಹೊಸ ಲೆಕ್ಕ ಬರೆಯಿತು.

2022ರ ಅಕ್ಟೋಬರ್‌ನಲ್ಲಿ ಪ್ರೀಮಿಯರ್‌ಶಿಪ್ ಕ್ಲಬ್‌ಗಳಾದ ವುಸ್ಟರ್, ವಾಸ್ಪ್ಸ್, ಮರುವರ್ಷ ಲಂಡನ್ ಐರಿಷ್ ಮುಳುಗಿದಾಗ ನಮ್ಮ ಖಜಾಂಚಿ ಪತ್ರಿಕೆ ಮಡಚಿಟ್ಟು, ಬಾರಿನ ಆ ವಾರದ ಚಿಲ್ಲರೆಯನ್ನು ಎರಡನೆಯ ಸಲ ಎಣಿಸಿದರು.

2019-20ರ ಅಂಕಪಟ್ಟಿಯಲ್ಲಿ ದಶಮಾಂಶ ಬಂದದ್ದು ಹೇಗೆ? ಮುದ್ರಣದೋಷವೇ?

ದೋಷವಲ್ಲ, ಕೋವಿಡ್. 2020ರ ಮಾರ್ಚ್‌ನಲ್ಲಿ ಋತು ಅರ್ಧಕ್ಕೆ ನಿಂತಿತು. ಆಡದೆ ಉಳಿದ ಪಂದ್ಯಗಳಲ್ಲಿ ಯಾರಿಗೆ ಎಷ್ಟು ಸಿಗುತ್ತಿತ್ತು ಎಂಬುದನ್ನು ಆ ತನಕದ ತವರು ಮತ್ತು ಹೊರಗಿನ ಸಾಧನೆಯ ಸರಾಸರಿಯಿಂದ ಅಂದಾಜಿಸಿ ಸೇರಿಸಿದರು. ಆ ಭಾಗಾಕಾರದ ಉಳಿಕೆಯೇ ನೀವು ಕಂಡ ದಶಮಾಂಶ. ಮುಂದಿನ 2020-21ರಲ್ಲಿ ಕೆಳಹಂತದ ಲೀಗ್ ನಡೆಯಲೇ ಇಲ್ಲ. ಆ ಬಿಡುವಿನಲ್ಲಿ ಆಟ ಬಿಟ್ಟ ಮೂವತ್ತರ ಆಸುಪಾಸಿನವರು ಎಷ್ಟೋ ಜನ ಮರಳಲಿಲ್ಲ. ನನ್ನ ಶುಕ್ರವಾರದ ಫೋನ್‌ಗಳು ಹೆಚ್ಚಾದದ್ದು ಆಗಿನಿಂದ.

ಗೆದ್ದರೂ ಬಡ್ತಿ ಬೇಡ ಎನ್ನುವವರಿದ್ದಾರೆಯೇ?

ಇದ್ದಾರೆ. ಮೇಲಕ್ಕೆ ಹೋದರೆ ದೂರ ಹೆಚ್ಚು, ಎದುರಾಳಿಗಳ ತೂಕ ಹೆಚ್ಚು, ವಾರ ವಾರ ಅರವತ್ತು ಅಂಕದಿಂದ ಸೋತರೆ ಡಿಸೆಂಬರ್‌ಗೆ ತಂಡವೇ ಕರಗುತ್ತದೆ. ಕೆಳಗಿನ ಹಂತಕ್ಕೆ ಹಾಕಿ ಎಂದು ತಾವಾಗಿಯೇ ಅರ್ಜಿ ಕೊಡುವ ಕ್ಲಬ್‌ಗಳಿವೆ. ಅದನ್ನು ಹೇಡಿತನ ಎನ್ನುವವರು ಶುಕ್ರವಾರ ಸಂಜೆ ನನ್ನ ಫೋನ್ ಹಿಡಿದು ನೋಡಲಿ.

ನನಗೆ ನಲವತ್ತೆರಡು. ಎಂದೂ ಆಡಿದವನಲ್ಲ. ಬರಬಹುದೇ?

ಬನ್ನಿ. ಬೇಸಿಗೆಯಲ್ಲಿ ಟ್ಯಾಕಲ್ ಇಲ್ಲದ ಟಚ್ ರಗ್ಬಿ ಇದೆ, ಅಲ್ಲಿಂದ ಆರಂಭಿಸಿ. ಇಷ್ಟವಾದರೆ ಹಲ್ಲಿನ ಗಾರ್ಡ್ ಕೊಳ್ಳಿ. ಬೂಟು ಕ್ಲಬ್ಬಿನ ಪೆಟ್ಟಿಗೆಯಲ್ಲಿ ಹಳೆಯದು ಸಿಗುತ್ತದೆ. ಅಭ್ಯಾಸ ಮಂಗಳವಾರ ಮತ್ತು ಗುರುವಾರ ಸಂಜೆ ಏಳಕ್ಕೆ. ತೂಕ ಎಷ್ಟು ಎಂದು ಬಂದ ಕೂಡಲೇ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನೂರರ ಮೇಲಿದ್ದರೆ ದಯವಿಟ್ಟು ಗುರುವಾರದವರೆಗೆ ಕಾಯದೆ ಇಂದೇ ಫೋನ್ ಮಾಡಿ.